ದೀಪವಿಲ್ಲದ ಊರುಗಳ ದಾಖಲೀಕರಣ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ಹಾಳೂರುಗಳು

‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆ ಕನ್ನಡ ನಾಡಿನ ಬಹುತೇಕ ಎಲ್ಲ ಭಾಗಗಳಲ್ಲಿಯೂ ಪ್ರಚಲಿತವಾಗಿದೆ. ಯೋಗ್ಯತೆಯಿಲ್ಲದವನಿಗೆ ಅಧಿಕಾರ ದೊರೆತಾಗ ಆಡುವ ವ್ಯಂಗ್ಯದ ಮಾತು ಇದಾದರೂ ಇದರೊಳಗೆ ಒಂದು ಸಾಮಾಜಿಕ ತಿಳಿವಳಿಕೆಯೂ ಅಡಗಿದೆ. ಜನಪದರ ದೃಷ್ಟಿಯಲ್ಲಿ ಹಾಳೂರು ಎಂದರೆ ಯಾರೂ ಇಲ್ಲದ ಊರಲ್ಲ. ಅಲ್ಲಿ ಉಳಿದವನೊಬ್ಬನಿದ್ದಾನೆ, ಅವನಿಗೊಂದು ಗೌಡಿಕೆಯೂ ಇದೆ. ಊರು ಬರಿದಾದ ಮಾತ್ರಕ್ಕೆ ಊರುತನ ಮುಗಿಯುವುದಿಲ್ಲ ಎಂಬ ಈ ತಿಳಿವಳಿಕೆ, ಬರಿದಾದ ಊರುಗಳನ್ನು ಶೋಧಿಸಿ ಛಾಯಾಚಿತ್ರಗಳ ಮೂಲಕ ದಾಖಲಿಸಲು ಹೊರಡುವವರಿಗೆ ಮೊದಲ ಪಾಠವಾಗಬೇಕಾಗಿದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಪರಿಸರವನ್ನು ಕೇಂದ್ರವಾಗಿಟ್ಟುಕೊಂಡು ಇಂತಹ ಊರುಗಳ ಸ್ವರೂಪ, ಅವು ಬರಿದಾದ ಕಾರಣಗಳು ಹಾಗೂ ಅವುಗಳ ದಾಖಲೀಕರಣದ ಕ್ರಮವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಭಾಷೆಯ ವಿಚಾರ

ಜನವಸತಿಯಿಲ್ಲದ ಗ್ರಾಮವನ್ನು ಕಂದಾಯ ದಾಖಲೆಗಳು ‘ಬೇಚರಾಕ್’ ಎಂದು ಕರೆಯುತ್ತವೆ. ಇದು ಫಾರಸಿಯ ‘ಬೇ’ ಮತ್ತು ‘ಚಿರಾಗ್’ ಎಂಬ ಎರಡು ಪದಗಳಿಂದಾದುದು. ‘ದೀಪವಿಲ್ಲದ್ದು’ ಎಂಬುದು ಇದರ ಅರ್ಥ. ವಂಶ ಅಳಿದ ಮನೆಯನ್ನು ಕುರಿತು ‘ದೀಪ ಹಚ್ಚುವವರೂ ಇಲ್ಲ’ ಎನ್ನುವ ಕನ್ನಡದ ರೂಢಿಯ ಮಾತಿಗೂ ಈ ಪಾರಿಭಾಷಿಕ ಪದಕ್ಕೂ ಇರುವ ಹತ್ತಿರದ ಸಂಬಂಧ ಗಮನಾರ್ಹವಾಗಿದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಒಟ್ಟು 29,340 ಗ್ರಾಮಗಳ ಪೈಕಿ 27,397 ಗ್ರಾಮಗಳು ಮಾತ್ರ ಜನವಸತಿಯುಳ್ಳವು. ಅಂದರೆ 1,943 ಗ್ರಾಮಗಳಿಗೆ ಹೆಸರಿದೆ, ಗಡಿಯಿದೆ, ಸರ್ವೆ ನಂಬರುಗಳಿವೆ, ಆದರೆ ವಾಸವಿಲ್ಲ.

ಬೇಚರಾಕ್ ಎಂಬುದು ಆಡಳಿತದ ಪದವಾದರೆ ‘ಹಾಳೂರು’ ಎಂಬುದು ಜನರ ಪದ. ಇವೆರಡೂ ಒಂದೇ ಅಲ್ಲ. ಬೇಚರಾಕ್ ಗ್ರಾಮದಲ್ಲಿ ವಾಸವಿಲ್ಲದಿದ್ದರೆ ಸಾಕು, ಅಲ್ಲಿ ಹಿಂದೆ ಊರಿತ್ತು ಎಂಬುದಕ್ಕೆ ಕುರುಹು ಇರಬೇಕಾಗಿಲ್ಲ. ಹಾಳೂರಿಗೆ ಕುರುಹು ಬೇಕು. ಅದಕ್ಕಿಂತ ಹೆಚ್ಚಾಗಿ ನೆನಪು ಬೇಕು. ಇವೆರಡರ ಜೊತೆಗೆ ಮೂರನೆಯದೊಂದು ಪದವನ್ನೂ ಇಲ್ಲಿ ಸೇರಿಸಿಕೊಳ್ಳಬೇಕು, ಅದು ‘ಗುಳೆ’. ಸುಗ್ಗಿ ಮುಗಿದ ಬಳಿಕ ಕೂಲಿಯನ್ನರಸಿ ಬೆಂಗಳೂರು, ಮುಂಬಯಿ, ಪುಣೆ, ಗೋವಾಗಳತ್ತ ಸಂಸಾರ ಸಮೇತ ಹೊರಡುವ ವಲಸೆಗೆ ಈ ಭಾಗದಲ್ಲಿ ಬಳಕೆಯಲ್ಲಿರುವ ಹೆಸರಿದು. ಗುಳೆ ಹೋದ ಊರು ಹಾಳೂರೂ ಅಲ್ಲ, ಬೇಚರಾಕೂ ಅಲ್ಲ. ಆದರೆ ಬೇಸಿಗೆಯ ಮಧ್ಯಾಹ್ನ ಅಲ್ಲಿಗೆ ಬಂದ ಅಪರಿಚಿತನ ಕಣ್ಣಿಗೆ ಈ ಮೂರೂ ಒಂದೇ ಆಗಿ ಕಾಣುವ ಸಾಧ್ಯತೆಯಿದೆ. ಬೀಗ ಹಾಕಿದ ಬಾಗಿಲುಗಳು, ಕಟ್ಟೆಯ ಮೇಲೆ ಕುಳಿತ ಒಂದಿಬ್ಬರು ಮುದುಕರು, ಅಜ್ಜಿಯ ವಶದಲ್ಲಿ ಬಿಟ್ಟುಹೋದ ಮಕ್ಕಳು: ಇಷ್ಟನ್ನೇ ಚಿತ್ರಿಸಿ ‘ನಿರ್ಜನ ಗ್ರಾಮ’ ಎಂದು ಶೀರ್ಷಿಕೆ ಕೊಟ್ಟರೆ ಅದು ದಾಖಲೆಯಾಗುವುದಿಲ್ಲ, ತಪ್ಪು ಸಾಕ್ಷ್ಯವಾಗುತ್ತದೆ.

ಊರು ಬರಿದಾಗುವ ಬಗೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್ ಶತಮಾನಗಳ ಕಾಲ ಯುದ್ಧಭೂಮಿಯಾಗಿತ್ತು. ವಿಜಯನಗರದ ಅರಸರು, ಬಹಮನಿಗಳು ಮತ್ತು ಅವರ ನಂತರದ ಆದಿಲಶಾಹಿಗಳು ಮುದಗಲ್ಲು, ರಾಯಚೂರು ಕೋಟೆಗಳಿಗಾಗಿ ಮತ್ತೆ ಮತ್ತೆ ಸೆಣಸಿದರು. 1520ರ ರಾಯಚೂರು ಯುದ್ಧ ಇವುಗಳಲ್ಲಿ ಪ್ರಸಿದ್ಧವಾದುದು. ಸೈನ್ಯದ ದಾರಿಯಲ್ಲಿದ್ದ ಊರುಗಳ ಪಾಡು ಚರಿತ್ರೆಯ ಗ್ರಂಥಗಳಲ್ಲಿ ಅಷ್ಟಾಗಿ ಕಾಣಸಿಗದಿದ್ದರೂ, ಊರ ನಡುವಿನ ಹುಡೇವುಗಳೂ ಕೋಟೆಯಂತೆ ಭದ್ರವಾದ ಅಗಸಿ ಬಾಗಿಲುಗಳೂ ಜನರ ಭಯವನ್ನು ಇಂದಿಗೂ ಹೇಳುತ್ತಿವೆ. ಮುಂದೆ 1876ರಿಂದ 1878ರವರೆಗಿನ ಭೀಕರ ಬರ, ಇಪ್ಪತ್ತನೆಯ ಶತಮಾನದ ಆರಂಭದ ಪ್ಲೇಗು, ಆಗಾಗ ಕಾಡಿದ ಕಾಲರಾ ಜನರನ್ನು ಊರು ಬಿಡಿಸಿದವು. 1947–48ರಲ್ಲಿ ರಜಾಕಾರರ ಹಾವಳಿಯ ಸಂದರ್ಭದಲ್ಲಿ ಹೈದರಾಬಾದ್ ಸಂಸ್ಥಾನದ ಗಡಿಭಾಗದ ಅನೇಕ ಕುಟುಂಬಗಳು ಗಡಿಯಾಚೆಗೆ ಆಶ್ರಯ ಪಡೆದವು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟದ ಶಿಬಿರಗಳು ನಡೆದವು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ವಿಮೋಚನೆಗೊಂಡ ನಂತರ ಹಲವರು ಮರಳಿದರು.

ಜಲಾಶಯಗಳು ಮತ್ತು ನೆರೆ ಈ ಪಟ್ಟಿಗೆ ಸೇರಿದ ಹೊಸ ಕಾರಣಗಳು. ಕೃಷ್ಣಾ ನದಿಗೆ ಕಟ್ಟಿದ ನಾರಾಯಣಪುರದ ಬಸವಸಾಗರ ಜಲಾಶಯ ಅನೇಕ ಊರುಗಳನ್ನು ಸ್ಥಳಾಂತರಿಸಿತು. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಸಂಭವಿಸಿದ ಅತಿವೃಷ್ಟಿಯ ನಂತರ ಸರ್ಕಾರ ‘ಆಸರೆ’ ಯೋಜನೆಯಡಿ ದಾನಿಗಳ ನೆರವಿನಿಂದ ಹೊಸ ನೆಲೆಗಳನ್ನು ನಿರ್ಮಿಸಿತು. ಹಲವೆಡೆ ಹಳೆಯ ಊರು ಪೂರ್ತಿ ಬರಿದಾಗಲಿಲ್ಲ, ಹೊಸ ಊರು ಪೂರ್ತಿ ತುಂಬಲಿಲ್ಲ. ದನ ಕಟ್ಟಲು, ಮೇವು ಒಟ್ಟಲು, ಹೊಲಕ್ಕೆ ಹತ್ತಿರವಾಗಿರಲು ಹಳೆಯ ಮನೆಯೇ ಬೇಕಾಯಿತು. ಹೀಗೆ ಒಂದೇ ಕುಟುಂಬ ಎರಡು ಊರುಗಳಲ್ಲಿ ಅರೆಬರೆಯಾಗಿ ಬದುಕುವ ಸ್ಥಿತಿ ಉಂಟಾಯಿತು.

ಇದೇ ಪರಿಸರದಲ್ಲಿ ಊರುಗಳು ಹುಟ್ಟಿದ ಕಥೆಯೂ ಇದೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯಲಾರಂಭಿಸಿದ ಮೇಲೆ ಎಡದಂಡೆ ಕಾಲುವೆಯ ಆಸುಪಾಸಿನಲ್ಲಿ ಕರಾವಳಿ ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು ‘ಕ್ಯಾಂಪ್’ಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದ ನಿರಾಶ್ರಿತರಿಗಾಗಿ ನಿರ್ಮಿಸಿದ ಪುನರ್ವಸತಿ ಕ್ಯಾಂಪ್‌ಗಳೂ ಸಿಂಧನೂರು ತಾಲ್ಲೂಕಿನಲ್ಲಿವೆ. ಕಾಲುವೆ ತಲುಪಿದ ಕಡೆ ಭತ್ತ ಬಂತು, ಜೊತೆಗೆ ಸವಳು-ಜವಳೂ ಬಂತು. ತಲುಪದ ಕಡೆ ಗುಳೆ ಮುಂದುವರಿಯಿತು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ಭಾಗದ ರೈತರು 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ಆರಂಭಿಸಿದ ದೀರ್ಘ ಧರಣಿಯನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ನೀರಿನ ಬೇಡಿಕೆಯೆಂದರೆ ಊರಿನಲ್ಲಿಯೇ ಉಳಿಯುವ ಬೇಡಿಕೆ.

ಇಲ್ಲಿ ಒಂದು ವೈರುಧ್ಯವನ್ನೂ ಗುರುತಿಸಬಹುದು. ದಾಖಲೆಯಲ್ಲಿ ಜನವಿಲ್ಲದ ಊರುಗಳಿರುವಂತೆ, ನೆಲದ ಮೇಲೆ ದಾಖಲೆಯಿಲ್ಲದ ಜನವಸತಿಗಳೂ ಇವೆ. ತಾಂಡಾ, ಹಟ್ಟಿ, ದೊಡ್ಡಿ, ಕ್ಯಾಂಪ್‌ಗಳಲ್ಲಿ ತಲೆಮಾರುಗಳಿಂದ ವಾಸಿಸುತ್ತಿದ್ದವರಿಗೆ ಮನೆಯ ಹಕ್ಕುಪತ್ರವೇ ಇರಲಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ಇಂತಹ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಯಿತು; 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರಗಳ ವಿತರಣೆ ನಡೆಯಿತು. ಊರೆಂಬುದು ಕೇವಲ ಕಟ್ಟಡಗಳ ಸಮೂಹವಲ್ಲ, ಅದೊಂದು ಹಕ್ಕು ಎಂಬುದನ್ನು ಈ ಎರಡು ಸ್ಥಿತಿಗಳೂ ಸ್ಪಷ್ಟಪಡಿಸುತ್ತವೆ.

ಬಿದ್ದ ಮನೆಯನ್ನು ಓದುವುದು

ಈ ಭಾಗದ ಸಾಂಪ್ರದಾಯಿಕ ಮನೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಮರದ ಕಂಬ, ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆ ಮನೆ. ಮಾಳಿಗೆಯ ಮಣ್ಣನ್ನು ಮಳೆಗಾಲಕ್ಕೆ ಮುನ್ನ ಪ್ರತಿವರ್ಷ ಸರಿಪಡಿಸಬೇಕು. ಒಲೆಯ ಹೊಗೆ ಜಂತಿಗಳಿಗೆ ಗೆದ್ದಲು ಹತ್ತದಂತೆ ಕಾಯುತ್ತದೆ. ವಾಸ ನಿಂತರೆ ಈ ಎರಡೂ ನಿಲ್ಲುತ್ತವೆ. ಕೆಲವೇ ಮಳೆಗಾಲಗಳಲ್ಲಿ ಮಾಳಿಗೆ ಸೋರಿ, ಕುಸಿದು, ಮಣ್ಣೆಲ್ಲ ಪಡಸಾಲೆಯೊಳಗೆ ರಾಶಿಯಾಗುತ್ತದೆ. ಆ ರಾಶಿಯ ಮೇಲೆ ಜಾಲಿ ಬೆಳೆಯುತ್ತದೆ.

ಆದರೆ ಎಲ್ಲ ಮನೆಗಳೂ ಹೀಗೆ ತಾವಾಗಿಯೇ ಬೀಳುವುದಿಲ್ಲ. ಮರ ದುಬಾರಿಯಾದ ಈ ಬಯಲುಸೀಮೆಯಲ್ಲಿ ಊರು ಬಿಡುವ ಕುಟುಂಬ ಬಾಗಿಲು, ಚೌಕಟ್ಟು, ತೊಲೆ, ಕಂಬಗಳನ್ನು ಬಿಚ್ಚಿ ಹೊಸ ಮನೆಗೆ ಸಾಗಿಸುತ್ತದೆ. ಆದ್ದರಿಂದ ಚೌಕಟ್ಟಿಲ್ಲದ ಬಾಗಿಲ ಕಂಡಿ ಸಾಮಾನ್ಯವಾಗಿ ನಿಧಾನವಾಗಿ, ಯೋಚಿಸಿ ಊರು ಬಿಟ್ಟುದರ ಗುರುತು. ಚೌಕಟ್ಟು, ತೊಲೆಗಳು ಇದ್ದಲ್ಲಿಯೇ ಇದ್ದರೆ ಬೇರೆ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಅವಸರದಲ್ಲಿ ಹೊರಟರೇ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯವಿದೆಯೇ, ಅಥವಾ ಮರಳಿ ಬರುವ ಆಸೆಯಿದೆಯೇ? ಹಾಗೆಯೇ ಹಗೇವಿನ ಬಾಯಿ, ಒರಳು, ಬೀಸುವ ಕಲ್ಲು, ದನ ಕಟ್ಟುವ ಜಾಗದ ಗೋದಲಿ, ಮಾಳಿಗೆಯ ಬೆಳಕಿಂಡಿ ಇವುಗಳ ಸ್ಥಾನ ಮನೆಯೊಳಗಿನ ದುಡಿಮೆಯ ಹಂಚಿಕೆಯನ್ನು ತಿಳಿಸುತ್ತದೆ. ಇವನ್ನು ಬಿಡಿಬಿಡಿಯಾಗಿ ಸೆರೆಹಿಡಿದ ಸುಂದರ ಚಿತ್ರಗಳಿಗಿಂತ, ಒಂದೇ ಮನೆಯ ಹೊರಬಾಗಿಲಿನಿಂದ ಅಡುಗೆಯ ಕೋಣೆಯವರೆಗೆ ಕ್ರಮವಾಗಿ ತೆಗೆದ ಹತ್ತು ಸಾಧಾರಣ ಚಿತ್ರಗಳು ಸಂಶೋಧಕನಿಗೆ ಹೆಚ್ಚು ಉಪಯುಕ್ತ.

ಉಳಿಯುವ ಕುರುಹುಗಳು

ಮನೆಗಳು ಬಿದ್ದರೂ ಹಾಳೂರಿನಲ್ಲಿ ಕೆಲವು ನೆಲೆಗಳು ಉಳಿಯುತ್ತವೆ. ಮೊದಲನೆಯದು ದೇವರು. ಊರು ಬಿಟ್ಟವರು ಮನೆಯ ತೊಲೆಯನ್ನು ಹೊತ್ತೊಯ್ಯಬಹುದು. ಹನುಮಪ್ಪನನ್ನು ಕಿತ್ತೊಯ್ಯುವುದು ಸುಲಭವಲ್ಲ. ಹೊಸ ಊರಿನಲ್ಲಿ ಹೊಸ ಗುಡಿ ಕಟ್ಟಿಸಿದರೂ ಹಳೆಯ ಊರಿನ ಹನುಮಪ್ಪನಿಗೆ ಶನಿವಾರದ ಎಣ್ಣೆ, ಗಡಿಯ ದುರುಗವ್ವನಿಗೆ ವರ್ಷಕ್ಕೊಮ್ಮೆ ಎಡೆ ಸಲ್ಲುವ ರೂಢಿ ಹಲವೆಡೆ ಉಳಿದಿದೆ. ಮದುವೆಯಾದ ಹೊಸ ಜೋಡಿಯನ್ನು ಮೂಲ ಊರಿನ ದೇವರಿಗೆ ಕರೆದೊಯ್ದು ಕಾಯಿ ಒಡೆಸುವುದೂ ಉಂಟು. ಕಂದಾಯ ದಾಖಲೆ ‘ದೀಪವಿಲ್ಲದ್ದು’ ಎಂದು ಕರೆದ ಊರಿನಲ್ಲಿ ದೀಪ ಉರಿಯುತ್ತಲೇ ಇರುತ್ತದೆ.

ಎರಡನೆಯದು ಮೊಹರಂ. ಹಿಂದೂ-ಮುಸ್ಲಿಮರು ಕೂಡಿ ಆಚರಿಸುವ ಈ ಹಬ್ಬ ರಾಯಚೂರು ಭಾಗದ ಗ್ರಾಮಜೀವನದ ಮುಖ್ಯ ಅಂಗ. ಮುದಗಲ್ಲಿನ ಮೊಹರಂ ನಾಡಿನಾದ್ಯಂತ ಹೆಸರಾಗಿದೆ. ಗುಳೆ ಹೋದವರು ಯುಗಾದಿಗೆ ಬರದಿದ್ದರೂ ಅಲಾಯಿ ದೇವರಿಗೆ ಬರುತ್ತಾರೆ ಎಂಬ ಮಾತು ಇಲ್ಲಿ ಸಾಮಾನ್ಯ. ಅಲಾಯಿ ಕುಣಿಯು ಊರಿನ ಬಯಲಿನಲ್ಲಿ ವರ್ಷವಿಡೀ ಒಂದು ತಗ್ಗಾಗಿ ಮಾತ್ರ ಕಾಣುತ್ತದೆ. ಕ್ಷೇತ್ರಕಾರ್ಯ ಕೈಗೊಳ್ಳುವವರಿಗೆ ಅದರ ಅರ್ಥ ತಿಳಿಯದಿದ್ದರೆ ಅದು ಚಿತ್ರದಲ್ಲಿ ಬೀಳುವುದೇ ಇಲ್ಲ. ಚಾಂದ್ರಮಾನದ ಹಿಜರಿ ಪಂಚಾಂಗವನ್ನು ಅನುಸರಿಸುವ ಮೊಹರಂ ಪ್ರತಿವರ್ಷ ಸುಮಾರು 11 ದಿನ ಹಿಂದೆ ಸರಿಯುವುದರಿಂದ, ಊರು ತುಂಬುವ ದಿನವೂ ಋತುವಿನಿಂದ ಋತುವಿಗೆ ಸರಿಯುತ್ತದೆ ಎಂಬುದನ್ನು ನೆನಪಿಡಬೇಕು.

ಮೂರನೆಯದು ಹೆಸರು. ಉತ್ತರ ಕರ್ನಾಟಕದಲ್ಲಿ ಊರ ಹೆಸರೇ ಮನೆತನದ ಅಡ್ಡಹೆಸರಾಗುವುದು ವಾಡಿಕೆ. ಊರು ಹಾಳಾಗಿ ಎಷ್ಟೋ ಕಾಲವಾದ ಮೇಲೂ ಅದರ ಹೆಸರು ಬೇರೆ ಊರುಗಳ ಮನೆತನಗಳಲ್ಲಿ, ‘ಹಾಳೂರ ಹೊಲ’, ‘ಊರದಿಬ್ಬ’ ಮುಂತಾದ ಹೊಲದ ಹೆಸರುಗಳಲ್ಲಿ ಉಳಿಯುತ್ತದೆ. ಹಾಳೂರಿನ ಬೂದಿ ಬೆರೆತ ಮಣ್ಣನ್ನು ಗೊಬ್ಬರವೆಂದು ಹೊಲಕ್ಕೆ ಹೊಡೆಯುವುದರಿಂದ ದಿಬ್ಬಗಳು ಕರಗಿಹೋಗುತ್ತವೆ. ಹೆಸರು ಮಾತ್ರ ಕರಗುವುದಿಲ್ಲ.

ನಾಲ್ಕನೆಯದು ಐತಿಹ್ಯ. ಪತಿವ್ರತೆಯ ಶಾಪದಿಂದ ಊರು ಹಾಳಾಯಿತು, ಇರುವೆಯ ಕಾಟಕ್ಕೆ ಊರು ಬಿಟ್ಟರು, ಅನ್ನ ಕೇಳಿದ ಜಂಗಮನನ್ನು ಬರಿಗೈಯಲ್ಲಿ ಕಳಿಸಿದ್ದಕ್ಕೆ ಬಾವಿ ಬತ್ತಿತು ಎಂಬಂತಹ ಕಥೆಗಳು ಕರ್ನಾಟಕದ ಹಾಳೂರುಗಳ ಬಗ್ಗೆ ಸಾಮಾನ್ಯವಾಗಿ ದೊರೆಯುತ್ತವೆ. ಇವುಗಳನ್ನು ಚರಿತ್ರೆಯೆಂದು ನಂಬುವುದೂ ಸುಳ್ಳೆಂದು ತಳ್ಳುವುದೂ ಸರಿಯಲ್ಲ. ರೋಗ, ನೀರಿನ ಕೊರತೆ, ಜಗಳ ಇವುಗಳನ್ನು ಸಮುದಾಯ ತನ್ನ ನೀತಿಯ ಭಾಷೆಯಲ್ಲಿ ಹೇಳಿಕೊಂಡ ಬಗೆ ಇದು. ಊರು ಬರಿದಾಗುವುದನ್ನು ಆಚರಣೆಯಾಗಿಯೂ ಜನಪದರು ಬಲ್ಲರು. ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ ಭಾಗಗಳ ‘ಹೊರಬೀಡು’ ಆಚರಣೆಯಲ್ಲಿ ಕೇಡು ಕಳೆಯಲೆಂದು ಇಡೀ ಊರು ಮನೆಗಳನ್ನು ತೊರೆದು ಹೊರಗಿದ್ದು, ಸಂಜೆಗೆ ಮರಳುತ್ತದೆ. ಮರಳುವಿಕೆಯೇ ಆ ಆಚರಣೆಯ ಸಾರ. ಹಾಳೂರೆಂದರೆ ಮರಳುವಿಕೆ ತಡವಾದ ಊರು ಎಂದು ಜನಪದ ಮನಸ್ಸು ಭಾವಿಸುವಂತೆ ತೋರುತ್ತದೆ.

ಶೋಧದ ಪರಂಪರೆ

ಬಿಟ್ಟುಹೋದ ನೆಲೆಗಳನ್ನು ಶೋಧಿಸುವ ಕೆಲಸ ಈ ಪರಿಸರಕ್ಕೆ ಹೊಸದಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಸ್ಕಿಯ ಪ್ರಾಚೀನ ಅವಶೇಷಗಳನ್ನು ಗುರುತಿಸಿದ್ದನು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಇಂಜಿನಿಯರ್ ಸಿ. ಬೀಡನ್‌ಗೆ ಅಶೋಕನ ಶಾಸನ ದೊರೆಯಿತು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಹೆಸರಿನ ಸಹಿತ ಖಚಿತಪಡಿಸಿದ ಈ ಶಾಸನವನ್ನು ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿ ಪ್ರಕಟಿಸಿದರು. ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ 1952ರಲ್ಲಿ ಎಫ್.ಆರ್. ಆಲ್ಚಿನ್, ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಉತ್ಖನನ ನಡೆಸಿದರು. 2010ರಿಂದ ಮಸ್ಕಿಯ ಸುತ್ತಲಿನ ಪ್ರಾಚೀನ ವಸತಿಗಳ ವ್ಯಾಪಕ ಸರ್ವೇಕ್ಷಣೆಯೂ ನಡೆದಿದೆ.

ಇವರಲ್ಲಿ ಆಲ್ಚಿನ್ ಅವರ ವಿಧಾನ ಜಾನಪದ ವಿದ್ವಾಂಸರಿಗೆ ವಿಶೇಷವಾಗಿ ಪ್ರಸ್ತುತ. ದಕ್ಷಿಣದ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಸಗಣಿ ಸುಟ್ಟು ಉಂಟಾದವು ಎಂಬ ನಿಲುವನ್ನು 1963ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ಅವರು, ಅದನ್ನು ಅರ್ಥಮಾಡಿಕೊಳ್ಳಲು ಇಂದಿನ ಜನರ ಬೆಂಕಿಯ ಹಬ್ಬಗಳನ್ನೂ ದನಗಾಹಿ ಪದ್ಧತಿಗಳನ್ನೂ ಗಮನಿಸಿದರು. ಸತ್ತ ನೆಲೆಯನ್ನು ಬದುಕಿರುವವರ ನಡೆನುಡಿಯಿಂದ ಅರಿಯುವ ಈ ಕ್ರಮ ನಿನ್ನೆ ಮೊನ್ನೆ ಬರಿದಾದ ಊರಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಮೂರು ಸಾವಿರ ವರ್ಷಗಳ ಹಿಂದಿನ ದಿಬ್ಬಕ್ಕೆ ದೊರೆತ ಗಮನ ಮೂವತ್ತು ವರ್ಷಗಳ ಹಿಂದೆ ಬಿಟ್ಟ ಊರಿಗೆ ದೊರೆತಿಲ್ಲ ಎಂಬುದು ವಿಷಾದದ ಸಂಗತಿ. ಅದನ್ನು ಕಂಡು ಹೇಳಬಲ್ಲವರು ಇನ್ನೂ ಬದುಕಿದ್ದಾರೆ, ಬಹುಕಾಲ ಇರುವುದಿಲ್ಲ.

ಛಾಯಾಚಿತ್ರ ದಾಖಲೀಕರಣದ ಕ್ರಮ

ಹಾಳೂರಿನ ಚಿತ್ರ ದಾಖಲೀಕರಣ ಅಗಸಿಯಿಂದ ಆರಂಭವಾಗುವುದು ಸೂಕ್ತ. ದೇವರ ಪಲ್ಲಕ್ಕಿ, ಮದುವೆಯ ಮೆರವಣಿಗೆ, ಶವಯಾತ್ರೆ ಸಾಗುತ್ತಿದ್ದ ದಾರಿಗಳನ್ನು ಬಲ್ಲವರಿಂದ ಕೇಳಿ ಅದೇ ಕ್ರಮದಲ್ಲಿ ಚಿತ್ರಗಳನ್ನು ತೆಗೆದರೆ ಊರಿನ ಸಾಮಾಜಿಕ ರಚನೆ ತಾನಾಗಿಯೇ ಗೋಚರಿಸುತ್ತದೆ. ಯಾರ ಮೆರವಣಿಗೆ ಯಾವ ಓಣಿಗೆ ಬರುತ್ತಿರಲಿಲ್ಲ, ಯಾವ ಬಾವಿಯಿಂದ ಯಾರು ನೀರು ಸೇದುವಂತಿರಲಿಲ್ಲ ಎಂಬುದೂ ದಾಖಲಾಗಬೇಕು. ಬಿದ್ದ ಗೌಡರ ವಾಡೆಯ ಚಿತ್ರವಿದ್ದು, ಊರಾಚೆಯ ಕೇರಿಯ ಚಿತ್ರವಿಲ್ಲದಿದ್ದರೆ ಊರಿನ ಅರ್ಧ ಚರಿತ್ರೆಯೇ ಬಿಟ್ಟುಹೋಗುತ್ತದೆ. ಕೇರಿಯ ಮನೆಗಳು ಮಣ್ಣಿನವಾದುದರಿಂದ ಮೊದಲು ಅಳಿಯುವವು ಅವೇ.

ಕಾಲದ ಆಯ್ಕೆಯೂ ಮುಖ್ಯ. ಹುಲ್ಲು ಒಣಗಿದ ಬೇಸಿಗೆಯಲ್ಲಿ ಬೆಳಗಿನ ಮತ್ತು ಸಂಜೆಯ ಓರೆಬೆಳಕಿನಲ್ಲಿ ಗೋಡೆಯ ತಳಪಾಯಗಳೂ ವೀರಗಲ್ಲು, ಶಾಸನಗಳ ಅಕ್ಷರಗಳೂ ಸ್ಪಷ್ಟವಾಗುತ್ತವೆ. ಆದರೆ ಬೇಸಿಗೆಯ ಚಿತ್ರಗಳಷ್ಟೇ ಸಾಲವು. ಅದೇ ಸ್ಥಳದಲ್ಲಿ ನಿಂತು ಜಾತ್ರೆಯ ದಿನ, ಮೊಹರಂನ ಕತ್ತಲ ರಾತ್ರಿ ಚಿತ್ರ ತೆಗೆದಾಗ ಮಾತ್ರ ಊರಿನ ಪೂರ್ಣ ಸ್ವರೂಪ ತಿಳಿಯುತ್ತದೆ. ಪ್ರತಿ ಚಿತ್ರಕ್ಕೂ ದಿನಾಂಕ, ದಿಕ್ಕು, ಅಳತೆಗೋಲು ಹಾಗೂ ಸ್ಥಳೀಯ ಹೆಸರು ಇರಬೇಕು. ‘ಹಳೆಯ ಕಟ್ಟಡ’ ಎಂಬ ಶೀರ್ಷಿಕೆಯಿಂದ ಏನೂ ತಿಳಿಯುವುದಿಲ್ಲ. ‘ಬಡಿಗೇರ ಮನೆ, ಉತ್ತರದ ಗೋಡೆ’ ಎಂದರೆ ಒಂದು ಕಸುಬಿನ ನೆಲೆ ತಿಳಿಯುತ್ತದೆ.

ಎರಡು ಎಚ್ಚರಿಕೆಗಳು ಇಲ್ಲಿ ಅನಿವಾರ್ಯ. ನಿಧಿಯಾಸೆಗೆ ಗರ್ಭಗುಡಿ, ಲಿಂಗದ ಪೀಠ, ವೀರಗಲ್ಲುಗಳ ಬುಡವನ್ನು ಅಗೆಯುವ ಪಿಡುಗು ನಿರ್ಜನ ನೆಲೆಗಳನ್ನು ಹಾಳುಗೆಡವುತ್ತಿದೆ. 1962ರ ಕರ್ನಾಟಕ ನಿಧಿ ನಿಕ್ಷೇಪ ಕಾಯಿದೆ ಇದ್ದರೂ ಕಾಯುವವರಿಲ್ಲದ ಊರಿನಲ್ಲಿ ಅದು ಕಾಗದದಲ್ಲಿಯೇ ಉಳಿಯುತ್ತದೆ. ನಿಖರವಾದ ಸ್ಥಳಸೂಚಿಯೊಡನೆ ಚಿತ್ರಗಳನ್ನು ಪ್ರಕಟಿಸುವುದೆಂದರೆ ಅಗೆಯುವವರಿಗೆ ದಾರಿ ತೋರಿದಂತೆ. ಆದ್ದರಿಂದ ಪೂರ್ಣ ವಿವರ ಗ್ರಂಥಾಲಯ, ವಿಶ್ವವಿದ್ಯಾಲಯ, ಪುರಾತತ್ವ ಇಲಾಖೆಗಳ ಕಡತದಲ್ಲಿರಬೇಕು; ಪ್ರಕಟಣೆಯಲ್ಲಿ ತಾಲ್ಲೂಕಿನ ಹೆಸರು ಸಾಕು. ಎರಡನೆಯದು, ಉಳಿದವರ ಒಪ್ಪಿಗೆ. ಬೀಗ ಹಾಕಿದ ಮನೆಗೂ ಒಡೆಯರಿದ್ದಾರೆ. ಅವರನ್ನು ಹುಡುಕಿ ಕೇಳುವುದು, ತೆಗೆದ ಚಿತ್ರದ ಪ್ರತಿಯನ್ನು ಅವರಿಗೆ ತಲುಪಿಸುವುದು ಸೌಜನ್ಯವಷ್ಟೇ ಅಲ್ಲ, ಅದೇ ಸಂಶೋಧನೆಯ ಮುಂದಿನ ಹೆಜ್ಜೆ. ಚಿತ್ರ ಕಂಡ ಹಿರಿಯರು ತಪ್ಪನ್ನು ತಿದ್ದುತ್ತಾರೆ, ಬಿಟ್ಟದ್ದನ್ನು ಹೇಳುತ್ತಾರೆ.

ಉಳಿದವರ ಊರು

ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ನದಿಯ ನಡುಗಡ್ಡೆಗಳು ಈ ವಿವೇಚನೆಗೆ ಜೀವಂತ ನಿದರ್ಶನ. ಜಲದುರ್ಗದ ಕೋಟೆ ಇರುವುದೂ ಇದೇ ನದಿಯ ಕವಲುಗಳ ನಡುವೆ. ಕರಕಲಗಡ್ಡಿ, ಮಾದರಗಡ್ಡಿ ಮುಂತಾದ ಗಡ್ಡೆಗಳಲ್ಲಿ ಕೆಲವೇ ಕುಟುಂಬಗಳು ಹೊಲ, ದನಕರುಗಳನ್ನು ನೆಚ್ಚಿ ವಾಸಿಸುತ್ತ ಬಂದಿವೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗಿ ಸಂಪರ್ಕ ಕಡಿಯುತ್ತದೆ. 2019ರ ಆಗಸ್ಟ್ ನೆರೆಯಲ್ಲಿ ಇದು ಎಲ್ಲರ ಗಮನಕ್ಕೂ ಬಂದಿತು. ಹೊರಬರುವಂತೆ ಅಧಿಕಾರಿಗಳು ಕೇಳುವುದು, ದನಗಳನ್ನು ಬಿಟ್ಟು ಬರಲಾರೆವೆಂದು ಜನ ಹೇಳುವುದು ನೆರೆಯ ವರ್ಷಗಳಲ್ಲಿ ಮರುಕಳಿಸುತ್ತದೆ. ಹೊರಗಿನ ಕಣ್ಣಿಗೆ ಇದು ಹಟವೆನಿಸಬಹುದು. ಆದರೆ ಹೊಲ, ದೇವರು, ಹಿರಿಯರ ಸಮಾಧಿ ಇರುವ ನೆಲವನ್ನು ಬಿಟ್ಟರೆ ದಾಖಲೆಯಲ್ಲಿ ತಮ್ಮ ಊರು ಬೇಚರಾಕ್ ಆಗುತ್ತದೆ, ತಾವು ಎಲ್ಲಿಯವರೂ ಆಗುವುದಿಲ್ಲ ಎಂಬ ಭಯ ನಿರಾಧಾರವಾದುದಲ್ಲ. ಪುನರ್ವಸತಿಯ ಯೋಜನೆ ಮನೆಯನ್ನು ಎಣಿಸುತ್ತದೆ. ಮೇವಿನ ಬಣವೆ, ಅಲಾಯಿ ಕುಣಿ, ಹನುಮಪ್ಪನ ಕಟ್ಟೆಗಳನ್ನು ಎಣಿಸುವುದಿಲ್ಲ. ಇವುಗಳನ್ನು ಎಣಿಸಿ ಕೊಡಬಲ್ಲ ದಾಖಲೆಯನ್ನು ಜಾನಪದ ಅಧ್ಯಯನ ಸಿದ್ಧಪಡಿಸಬಲ್ಲುದು.

ಒಟ್ಟಿನಲ್ಲಿ, ಬರಿದಾದ ಊರನ್ನು ಕೇವಲ ಅವಶೇಷವೆಂದು ನೋಡುವ ದೃಷ್ಟಿ ಬದಲಾಗಬೇಕಾಗಿದೆ. ಹಾಳೂರು, ಬೇಚರಾಕ್, ಗುಳೆಯ ಊರು ಇವುಗಳ ವ್ಯತ್ಯಾಸವನ್ನು ಅರಿತು, ತಾಲ್ಲೂಕುವಾರು ಸಮೀಕ್ಷೆಯನ್ನು ಕೈಗೊಂಡು, ಊರು ಬಿಟ್ಟವರ ನೆನಪಿನಿಂದ ಪ್ರತಿ ಹಾಳೂರಿನ ಮನೆವಾರು ನಕ್ಷೆಯನ್ನೂ ಚಿತ್ರಕೋಶವನ್ನೂ ಸಿದ್ಧಪಡಿಸುವುದು ತುರ್ತಿನ ಕೆಲಸ. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಪದವಿ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆತನದ ಅಡ್ಡಹೆಸರಿನ ಊರನ್ನು ಹುಡುಕುವುದರಿಂದಲೇ ಇದನ್ನು ಆರಂಭಿಸಬಹುದು. ಶನಿವಾರಕ್ಕೊಮ್ಮೆ ಎಣ್ಣೆ ಹೊತ್ತು ಹಳೆಯ ಊರಿಗೆ ನಡೆದುಬರುವ ಹಿರಿಯರು ಇರುವವರೆಗೆ ಈ ಕೆಲಸಕ್ಕೆ ದಾರಿ ತೋರುವವರಿದ್ದಾರೆ.